ಷಿಕಾಗೋ ನಗರದ ಸರೋವರ ತೀರದಲ್ಲಿ

ಷಿಕಾಗೋ ಎಂಬ ಹೆಸರು ನಮ್ಮ ಕಿವಿಗೆ ಮೊದಲು ಬಿದ್ದುದು ಭೂಗೋಳದ ಪಾಠದಲ್ಲಲ್ಲ, ಸ್ವಾಮಿ ವಿವೇಕಾನಂದರ ಚರಿತ್ರೆಯಲ್ಲಿ. ಈ ದೇಶದ ಎಷ್ಟೋ ಮಂದಿಗೆ ಹೀಗೆಯೇ ಆಗಿರುವುದೆಂದು ನಂಬುತ್ತೇವೆ. ಮುಂದೆ ನಾವೇ ಉಪಾಧ್ಯಾಯರಾದ ಮೇಲೆ, ಮೂವತ್ತಕ್ಕೂ ಹೆಚ್ಚು ವರ್ಷ, ಪ್ರತಿ ಜನವರಿ ೧೨ರಂದು ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿ, ೧೮೯೩ನೆಯ ಇಸವಿ ಸೆಪ್ಟೆಂಬರ್ ೧೧ರಂದು ಆ ಊರಿನಲ್ಲಿ ನಡೆದುದನ್ನು ಹೇಳುತ್ತ ಬಂದೆವು. ಊರನ್ನು ಕಾಣದಿದ್ದರೂ ಅದರ ವರ್ಣನೆಯಲ್ಲಿ ನಾವು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಕವಿಗಳು ಕೈಲಾಸವನ್ನು ಕಂಡು ವರ್ಣಿಸಿದರೆ?

ವಿಶ್ರಾಂತಿ ವೇತನದ ದಿನಗಳು ಬಂದ ಮೇಲೆ ಆ ಊರನ್ನು ಕಣ್ಣಾರೆ ಕಾಣುವ ಯೋಗ ಒದಗಿತು. ನಮ್ಮ ಮಗಳೂ ಅಳಿಯಂದಿರೂ ಷಿಕಾಗೋ ನಗರಕ್ಕೆ ಪಶ್ಚಿಮದಲ್ಲಿ ಸುಮಾರು ೪೫ ಕಿಲೋಮೀಟರ್ ದೂರದ ನೇಪರ್‌ವಿಲ್ ಎಂಬ ಉಪನಗರದಲ್ಲಿ ಸಂಸಾರ ಹೂಡಿದ್ದಾರೆ. ಅವರ ಕರೆಗೆ ಓಗೊಟ್ಟು ನಾವೂ ನಮ್ಮ ಮನೆಯವರೂ ಜುಲೈ ತಿಂಗಳಿನಲ್ಲಿ ವಿಮಾನವೇರಿದೆವು. ವಿಮಾನಯಾನದ ಕಷ್ಟಸುಖಗಳನ್ನು ಈಗ ಮನೆಮನೆಯಲ್ಲೂ ಬಲ್ಲವರಿರುವುದರಿಂದ ಅದನ್ನು ಬಿಟ್ಟು ನೇರವಾಗಿ ಊರಿಗೇ ಬರುತ್ತೇವೆ.

ಮೊದಲು ಹೆಸರಿನ ವಿಚಾರ. ಆ ಪ್ರದೇಶದ ಮೂಲನಿವಾಸಿಗಳು ನದಿಯ ದಂಡೆಯ ಜೌಗಿನಲ್ಲಿ ತಾನಾಗಿ ಬೆಳೆಯುತ್ತಿದ್ದ, ಬೆಳ್ಳುಳ್ಳಿಯ ವಾಸನೆಯುಳ್ಳ ಒಂದು ಬಗೆಯ ಕಾಡು ಈರುಳ್ಳಿಗೆ ‘ಶಿಕಾಕ್ವಾ’ ಎನ್ನುತ್ತಿದ್ದರಂತೆ. ಫ್ರೆಂಚರ ಬಾಯಲ್ಲಿ ಅದು ಷಿಕಾಗೋ ಆಯಿತು. ಎಂದರೆ, ಸಂಸ್ಕೃತದಲ್ಲಿ ಹೇಳುವುದಾದರೆ, ಇದು ಪಲಾಂಡುಪುರಿ. ಚಾತುರ್ಮಾಸ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟದ ನಮ್ಮ ಮನೆಯವರಿಗೆ ನಾವು ಈ ವ್ಯುತ್ಪತ್ತಿಯನ್ನು ರೈಲಿನಲ್ಲಿ ಕುಳಿತಾಗ ವಿವರಿಸಿದೆವು. “ಮೊದಲೇ ಹೇಳಿದ್ದರೆ ಕಾರ್ತಿಕ ಕಳೆದು ಬರುತ್ತಿದ್ದೆನಲ್ಲ!” ಎಂದು ಅವರು ನಕ್ಕರು.

ಈ ಪಲಾಂಡುಪುರಿಯಲ್ಲಿ ಹೊರಗಿನಿಂದ ಬಂದು ಮೊದಲು ಮನೆ ಕಟ್ಟಿ ನೆಲೆಸಿದವನು ಯಾವ ಇಂಗ್ಲಿಷರವನೂ ಅಲ್ಲ. ಜಾನ್ ಬಾಪ್ಟಿಸ್ಟ್ ಪಾಯಿಂಟ್ ಡು ಸಾಬ್ಲ್ ಎಂಬ ಕಪ್ಪು ವರ್ಣದ ವರ್ತಕ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನದಿಯ ಬಾಯಿಯ ಬಳಿ ಮನೆ, ಕೊಟ್ಟಿಗೆ, ಹೊಲಗಳನ್ನು ಮಾಡಿಕೊಂಡು, ಮೂಲನಿವಾಸಿಗಳ ಹೆಣ್ಣನ್ನು ಮದುವೆಯಾಗಿ ಬಾಳಿದವನು. ೧೮೦೦ರಲ್ಲಿ ಎಲ್ಲವನ್ನೂ ಮಾರಿ ಹೊರಟುಹೋದನು. ಸರೋವರದ ಅಂಚಿನಲ್ಲೇ ಹಾದುಹೋಗುವ ರಾಜಮಾರ್ಗಕ್ಕೆ ೨೦೨೧ರಲ್ಲಿ ಅವನ ಹೆಸರನ್ನಿಟ್ಟಿದ್ದಾರೆ. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ, ಮುಂದೆ ಬೇಕಾಗುತ್ತದೆ.

ಮೊದಲನೆಯ ದಿನ ರೈಲಿನಿಂದಿಳಿದು, ಹೊಳೆಯ ಸೇತುವೆಯನ್ನು ದಾಟಿ, ಪೂರ್ವಕ್ಕೆ ನಡೆದೆವು. ಬೀದಿಯ ಇಬ್ಬದಿಗೂ ಗಗನಚುಂಬಿಗಳಾದ ಸೌಧಗಳು. ತಲೆಯ ಮೇಲೆ, ಕಬ್ಬಿಣದ ಕಂಬಗಳ ಆಧಾರದಲ್ಲಿ, ಕಿವಿ ಗಡಚಿಕ್ಕುವಂತೆ ಸದ್ದು ಮಾಡುತ್ತ ಹೋಗುವ ರೈಲು. ಅರ್ಧ ಗಂಟೆ ನಡೆದ ಮೇಲೆ ಇದ್ದಕ್ಕಿದ್ದ ಹಾಗೆ ಕಟ್ಟಡಗಳು ಮುಗಿದು ಹಸುರು ಬಯಲು ತೆರೆಯಿತು, ಅದರಾಚೆಗೆ ನೀರು. ನೀರೆಂದರೆ ಎಂತಹ ನೀರು! ಎದುರು ದಡ ಕಾಣುವುದಿಲ್ಲ. ಅಲೆಗಳು ಬಂದು ಕಲ್ಲಿಗೆ ಬಡಿಯುತ್ತವೆ. ದೂರದಲ್ಲಿ ಬಿಳಿಯ ಹಾಯಿಗಳು. ನಮ್ಮ ಮನೆಯವರು ಸಮುದ್ರವೆಂದೇ ತಿಳಿದು ಕೈಮುಗಿದರು. ಮೊಮ್ಮಗನು, “ಅಜ್ಜೀ, ಇದು ಸಮುದ್ರ ಅಲ್ಲ, ಉಪ್ಪಿಲ್ಲ” ಎಂದನು. ಅವರು ಅಷ್ಟಕ್ಕೆ ಬಿಡದೆ, ಮೆಟ್ಟಿಲಿನಂತಿದ್ದ ಕಲ್ಲಿನ ಮೇಲೆ ಇಳಿದು, ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಿದ ಮೇಲೆಯೇ ನಂಬಿದರು.

ಮಿಷಿಗನ್ ಸರೋವರ ಉತ್ತರದಿಂದ ದಕ್ಷಿಣಕ್ಕೆ ಸುಮಾರು ೪೯೪ ಕಿಲೋಮೀಟರ್ ಉದ್ದವಿದೆ. ಆಳವಾದೆಡೆಯಲ್ಲಿ ೨೮೧ ಮೀಟರ್. ಅದರ ಹರವು ಸುಮಾರು ೫೮,೦೦೦ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಹತ್ತರಲ್ಲಿ ಮೂರು ಪಾಲು. ಇಂತಹ ಐದು ಮಹಾಸರೋವರಗಳು ಅಲ್ಲಿ ಒತ್ತೊತ್ತಾಗಿವೆ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನಲ್ಲಿ ಸುಮಾರು ಐದನೆಯ ಒಂದು ಭಾಗ ಈ ಐದರಲ್ಲೇ ಇದೆ. ನಾವು ದಂಡೆಯ ಮೇಲೆ ನಿಂತು ಅಮರಕೋಶದ ವಾರಿವರ್ಗವನ್ನು ಮನಸ್ಸಿನಲ್ಲೇ ಹೇಳಿಕೊಂಡೆವು. ಸರಸ್ಸು, ಕಾಸಾರ, ತಟಾಕ, ಹ್ರದ, ಒಂದೂ ಸಾಲದು, ಅರ್ಣವವೆಂದರೆ ಉಪ್ಪಿಲ್ಲ. ಅಮರಸಿಂಹನು ಇದನ್ನು ಕಾಣಲಿಲ್ಲ, ಅವನ ತಪ್ಪಲ್ಲ.

ನಗರದ ನೋಟಗಳನ್ನೆಲ್ಲ ಇಲ್ಲಿ ಬರೆಯುವ ಉದ್ದೇಶವಿಲ್ಲ. ೧೮೭೧ರ ಅಕ್ಟೋಬರಿನಲ್ಲಿ ಎರಡು ದಿನ ಉರಿದ ಬೆಂಕಿಗೆ ಊರಿನ ನಡುಭಾಗವೆಲ್ಲ ಬೂದಿಯಾಗಿ, ಸುಮಾರು ಮುನ್ನೂರು ಮಂದಿ ಸತ್ತು, ಲಕ್ಷದಷ್ಟು ಜನ ಮನೆಯಿಲ್ಲದವರಾದರು. ಓಲಿಯರಿ ಎಂಬ ಹೆಂಗಸಿನ ಹಸು ದೀಪವನ್ನು ಒದ್ದುದೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ನಗರಸಭೆಯವರು ೧೯೯೭ರಲ್ಲಿ ವಿಚಾರಮಾಡಿ, ಆಕೆಯೂ ಹಸುವೂ ನಿರಪರಾಧಿಗಳೆಂದು ನಿರ್ಣಯಿಸಿದರು. ನೂರಿಪ್ಪತ್ತಾರು ವರ್ಷಗಳ ಮೇಲಾದರೂ ಗೋವಿಗೆ ನ್ಯಾಯ ದೊರೆತುದು ನಮಗೆ ಸಂತೋಷವನ್ನುಂಟುಮಾಡಿತು. ಬೂದಿಯ ಮೇಲೆ ಎದ್ದ ಹೊಸ ಊರಿನಲ್ಲಿಯೇ ಉಕ್ಕಿನ ಹಂದರಕ್ಕೆ ಗೋಡೆ ತೂಗಹಾಕುವ ವಿದ್ಯೆ ಬೆಳೆದು, ಮಹಡಿಯ ಮೇಲೆ ಮಹಡಿ ಏರತೊಡಗಿತು. ಈಗ ಆ ಊರಿನ ಅತ್ಯಂತ ಎತ್ತರದ ಸೌಧ ವಿಲ್ಲಿಸ್ ಗೋಪುರ; ೧೧೦ ಅಂತಸ್ತು, ೪೪೨ ಮೀಟರ್. ಹಿಂದೆ ಅದಕ್ಕೆ ಸಿಯರ್ಸ್ ಗೋಪುರವೆಂದು ಹೆಸರು. ಅದರ ರಚನೆಯನ್ನು ಯೋಚಿಸಿದ ಇಂಜಿನಿಯರು ಢಾಕಾ ನಗರದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಎಂಬವರು. ಒಂದೇ ಕಬ್ಬಿನ ಜಲ್ಲೆ ಗಾಳಿಗೆ ಬಾಗುತ್ತದೆ, ಒಂಬತ್ತನ್ನು ಸೇರಿಸಿ ಕಂತೆ ಕಟ್ಟಿ ನಿಲ್ಲಿಸಿದರೆ ನಿಲ್ಲುತ್ತದೆ. ಹಾಗೆ ಒಂಬತ್ತು ಚೌಕನೆಯ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ಈ ಗೋಪುರವನ್ನು ನಿಲ್ಲಿಸಿದ್ದಾರೆ. ೧೦೩ನೆಯ ಅಂತಸ್ತಿನಲ್ಲಿ ಗೋಡೆಯಿಂದಾಚೆಗೆ ಚಾಚಿದ ಗಾಜಿನ ಪೆಟ್ಟಿಗೆಗಳಿವೆ, ಕಾಲ ಕೆಳಗೂ ಗಾಜು. ಮೊಮ್ಮಗನು ಅದರಲ್ಲಿ ಕುಣಿದನು. ನಾವು ಹಿರಿಯರಿಗೆ ಯೋಗ್ಯವಾದ ದೂರದಲ್ಲಿ ನಿಂತಿದ್ದೆವು.

ಉದ್ಯಾನದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರು ಮಾಡಿದ, ಪಾದರಸದ ಹನಿಯಂತೆ ಥಳಥಳಿಸುವ ಉಕ್ಕಿನ ಶಿಲ್ಪವೊಂದಿದೆ. ಊರಿನ ಜನರು ಅದನ್ನು ಹುರುಳಿಕಾಯಿಯ ಬೀಜವೆಂದು ಕರೆಯುತ್ತಾರೆ. ನಮ್ಮ ಮನೆಯವರ ಪ್ರಕಾರ ಅದು ಹಿದುಕಿದ ಅವರೆಕಾಳು. ಈ ವಿಷಯದಲ್ಲಿ ಅವರ ಮಾತೇ ಪ್ರಮಾಣ.

ನಮ್ಮ ಮನಸ್ಸನ್ನು ಹಿಡಿದುದು ಇವಾವುವೂ ಅಲ್ಲ, ಆ ಹಸುರು ಬಯಲು. ಇಂತಹ ಬೆಲೆಬಾಳುವ ನೆಲ, ಸರೋವರದ ಅಂಚು, ವರ್ತಕರ ಊರು. ಇಲ್ಲಿ ಕಟ್ಟಡ ಏಳದೆ ಉಳಿದುದು ಹೇಗೆ? ಅಳಿಯಂದಿರನ್ನು ಕೇಳಿದೆವು. ಅವರು ಹೇಳಿದುದನ್ನು ಆಮೇಲೆ ಪುಸ್ತಕದಲ್ಲಿಯೂ ನೋಡಿ ದೃಢಪಡಿಸಿಕೊಂಡೆವು. ೧೮೩೬ರಲ್ಲಿ, ಊರು ಇನ್ನೂ ಹಳ್ಳಿಯಾಗಿದ್ದಾಗ, ನಿವೇಶನಗಳ ನಕ್ಷೆ ಬರೆದ ಅಧಿಕಾರಿಗಳು ಸರೋವರದ ಕಡೆಯ ಈ ತುಂಡಿನ ಮೇಲೆ, ಇದು ಸರ್ವಜನರ ನೆಲ, ಎಂದೆಂದಿಗೂ ಕಟ್ಟಡವಾಗಲಿ ಬೇರೆ ಅಡ್ಡಿಯಾಗಲಿ ಇಲ್ಲದೆ ತೆರೆದಿರತಕ್ಕದ್ದು ಎಂಬ ಅರ್ಥದ ಒಂದು ಸಾಲನ್ನು ಬರೆದಿಟ್ಟರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಎಲ್ಲರೂ ಅದನ್ನು ಮರೆತು, ಅಲ್ಲಿ ಕಸ ಸುರಿಯುವುದೂ ಕೊಟ್ಟಿಗೆ ಹಾಕುವುದೂ ನಡೆದಿತ್ತು. ಎದುರಿಗೇ ಅಂಗಡಿಯಿದ್ದ ಮಾಂಟ್ಗೊಮರಿ ವಾರ್ಡ್ ಎಂಬ ವರ್ತಕನು ೧೮೯೦ರಲ್ಲಿ ಆ ಹಳೆಯ ನಕ್ಷೆಯ ಸಾಲನ್ನು ಹಿಡಿದು ನ್ಯಾಯಸ್ಥಾನಕ್ಕೆ ಹೋದನು. ಇಪ್ಪತ್ತು ವರ್ಷ ವ್ಯಾಜ್ಯವಾಡಿದನು. ಊರ ಅಭಿವೃದ್ಧಿಗೆ ಅಡ್ಡ ಬಂದವನೆಂದು ಪತ್ರಿಕೆಗಳು ಅವನನ್ನು ಹಳಿದುವು. ಗೆದ್ದವನು ಮಾತ್ರ ಅವನೇ. ಆ ಒಂದು ಸಾಲಿನಿಂದ ಇಂದಿಗೂ ಬಡವನು ಬಲ್ಲಿದನೆನ್ನದೆ ಯಾರು ಬೇಕಾದರೂ ಹೋಗಿ ಹುಲ್ಲಿನ ಮೇಲೆ ಕುಳಿತು ನೀರನ್ನು ನೋಡಬಹುದು. ಧರ್ಮಾಂಬುಧಿಯೆಂಬ ಕೆರೆಯನ್ನು ಮುಚ್ಚಿ ಬಸ್ಸು ನಿಲ್ದಾಣ ಮಾಡಿದ ಬೆಂಗಳೂರಿನ ಮೂಲಕವೇ ವಿಮಾನವೇರಿ ಬಂದಿದ್ದ ನಮಗೆ ಈ ವೃತ್ತಾಂತ ಸುಮ್ಮನೆ ಕೇಳಿ ಬಿಡತಕ್ಕದ್ದಾಗಿರಲಿಲ್ಲ.

ನೀರಿನ ಕಥೆ ಇನ್ನೂ ವಿಚಿತ್ರವಾದುದು. ಷಿಕಾಗೋ ನದಿ ಸಹಜವಾಗಿ ಪೂರ್ವಕ್ಕೆ ಹರಿದು ಸರೋವರವನ್ನು ಸೇರುತ್ತಿತ್ತು. ಊರಿನ ಹೊಲಸೂ ಕಸಾಯಿಖಾನೆಗಳ ರಕ್ತವೂ ಅದರೊಡನೆ ಹೋಗಿ, ಊರಿನವರು ಕುಡಿಯುವ ನೀರಿಗೇ ಬೀಳುತ್ತಿದ್ದುವು. ಸರೋವರದ ತಳದಡಿಯಲ್ಲಿ ಎರಡು ಮೈಲಿ ಸುರಂಗ ಕೊರೆದು, ೧೮೬೭ರಿಂದ ದೂರದ ನೀರನ್ನು ತಂದರು. ಕೊಳೆ ಅಲ್ಲಿಗೂ ಹಬ್ಬುವಂತಾಯಿತು. ಕಡೆಗೆ ನದಿಯನ್ನೇ ತಿರುಗಿಸಿಬಿಡುವುದೆಂದು ನಿಶ್ಚಯಿಸಿ, ಪಶ್ಚಿಮಕ್ಕೆ ೪೫ ಕಿಲೋಮೀಟರ್ ಉದ್ದದ ಕಾಲುವೆಯನ್ನು ಸರೋವರದ ಮಟ್ಟಕ್ಕಿಂತ ತಗ್ಗಾಗಿ ತೋಡಿದರು. ೧೯೦೦ನೆಯ ಇಸವಿ ಜನವರಿ ೨ರಂದು ಅಡ್ಡಗಟ್ಟೆಯನ್ನು ಒಡೆದಾಗ, ಸರೋವರದ ನೀರು ನದಿಗೆ ನುಗ್ಗಿ, ನದಿ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯತೊಡಗಿತು. ಅಂದಿನಿಂದ ಅದು ಮಿಸಿಸಿಪ್ಪಿಯನ್ನು ಸೇರಿ ದಕ್ಷಿಣ ಸಮುದ್ರಕ್ಕೆ ಹೋಗುತ್ತಿದೆ. ನಾವು ದೋಣಿಯಲ್ಲಿ ಕುಳಿತು ಆ ಹಸುರು ನೀರನ್ನು ನೋಡುತ್ತ ಭಗೀರಥನನ್ನು ನೆನೆದೆವು. ಆದರೆ ಭಗೀರಥನು ತಂದುದು ಗಂಗೆಯನ್ನು. ಇವರು ಕಳುಹಿಸಿದುದು ಕೊಳೆಯನ್ನು. ಕೆಳದಾರಿಯ ಸೇಂಟ್ ಲೂಯಿಸ್ ನಗರದವರು ಗಾಬರಿಗೊಂಡರು. ಅವರ ಮಿಸ್ಸೂರಿ ಸಂಸ್ಥಾನವು ಸರ್ವೋಚ್ಚ ನ್ಯಾಯಸ್ಥಾನಕ್ಕೆ ಹೋಯಿತು. ಹಾನಿ ಸಿದ್ಧವಾಗಲಿಲ್ಲವೆಂದು ೧೯೦೬ರಲ್ಲಿ ದಾವೆ ವಜಾ ಆಯಿತು. ತನ್ನ ನೀರನ್ನು ಶುದ್ಧವಾಗಿಟ್ಟುಕೊಳ್ಳುವವನು ಕೊಳೆಯನ್ನು ಯಾರ ಮನೆಯ ಕಡೆ ಹರಿಸುತ್ತಾನೆಂಬುದನ್ನು ಕೂಡ ನೋಡಬೇಕಾಗುತ್ತದೆ.

ದೋಣಿಯಿಂದಿಳಿದು ಬಯಲಿಗೆ ಬಂದಾಗ ಬಿಸಿಲು ಜೋರಾಗಿತ್ತು. ಮರದ ನೆರಳಿನಲ್ಲಿ ಒಂದು ಕುಡಿಯುವ ನೀರಿನ ಕಟ್ಟೆ. ಗುಂಡಿಯನ್ನು ಒತ್ತಿದರೆ ನೀರು ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ, ಬಾಯೊಡ್ಡಿ ಕುಡಿಯಬೇಕು. ಅದೇ ಸರೋವರದ ನೀರು. ಕಪ್ಪು ವರ್ಣದ ಒಬ್ಬ ಬಾಲಕ ಕುಡಿದು ಸರಿದನು, ನಮ್ಮ ಮೊಮ್ಮಗ ಕುಡಿದನು, ಅವನ ಹಿಂದೆ ಬಿಳಿಯ ಮುದುಕನೊಬ್ಬನು ಬಾಗಿದನು. ನಾವೂ ಬಾಗಿದೆವು. ನೀರು ತಣ್ಣಗಿತ್ತು.

ಅಲ್ಲಿಂದ ಕಲಾಶಾಲೆಗೆ, ಅಂದರೆ ಮೂವತ್ತು ವರ್ಷ ನಾವು ಕಾಣದೆ ವರ್ಣಿಸಿದ ಸ್ಥಳಕ್ಕೆ. ವಾರ್ಡನ ಬಯಲಿನಲ್ಲಿ ಕಟ್ಟಡಕ್ಕೆ ಅನುಮತಿ ದೊರೆತುದು ಈ ಸಂಸ್ಥೆಯೊಂದಕ್ಕೇ. ೧೮೯೩ರ ವಿಶ್ವಪ್ರದರ್ಶನದ ಕಾಲಕ್ಕೆ ಹೊಸದಾಗಿ ಎದ್ದ ಈ ಕಟ್ಟಡದಲ್ಲಿ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರ್ ೧೧ರಿಂದ ೨೭ರವರೆಗೆ ನಡೆಯಿತು. ಸ್ವಾಮಿಗಳು ಸಭಿಕರನ್ನು ಒಡಹುಟ್ಟಿದವರೆಂದು ಸಂಬೋಧಿಸಿದ ಆ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದುದು, ಈಗಿಲ್ಲ. ಬಾಗಿಲಿನ ಇಕ್ಕೆಲದಲ್ಲಿರುವ ಎರಡು ಕಂಚಿನ ಸಿಂಹಗಳು ಮರುವರ್ಷ, ೧೮೯೪ರಲ್ಲಿ, ಬಂದುವು. ಈ ಸಿಂಹಗಳ ನಡುವೆ ಸ್ವಾಮಿಗಳು ಮೆಟ್ಟಿಲೇರಿದುದನ್ನು ನಾವು ಎಷ್ಟು ಸಲ ವರ್ಣಿಸಿದ್ದೆವೆಂದು ನೆನೆದು ನಮ್ಮಷ್ಟಕ್ಕೇ ನಾಚಿಕೊಂಡೆವು. ಎದುರಿನ ಬೀದಿಗೆ ಸ್ವಾಮಿಗಳ ಹೆಸರಿನ ಫಲಕವಿದೆ. ಅದರ ಕೆಳಗೆ ನಿಲ್ಲಿಸಿ ಮಗಳು ನಮ್ಮ ಚಿತ್ರ ತೆಗೆದಳು.

ತೆಗೆಯುತ್ತ ಅವಳು ಒಂದು ಮಾತು ಹೇಳಿದಳು: “ಅಪ್ಪಾ, ಸ್ವಾಮಿಗಳು ಇದೇ ಊರಿನಿಂದ ಮೈಸೂರು ಮಹಾರಾಜರಿಗೆ ಬರೆದ ಕಾಗದ ಓದಿದ್ದೀರಾ?” ಓದಿರಲಿಲ್ಲ. ಸ್ವಾಮಿಗಳು ೧೮೯೨ರಲ್ಲಿ ಮೈಸೂರಿಗೆ ಬಂದು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಗಳಾಗಿ, ಚಾಮರಾಜೇಂದ್ರ ಒಡೆಯರ ಆದರಕ್ಕೆ ಪಾತ್ರರಾಗಿದ್ದುದನ್ನು ಬಲ್ಲೆವು. ೧೮೯೪ನೆಯ ಜೂನ್ ೨೩ರಂದು ಷಿಕಾಗೋ ನಗರದಿಂದ ಆ ಪ್ರಭುಗಳಿಗೆ ಬರೆದ ಪತ್ರವನ್ನು ಅಂದು ರಾತ್ರಿ ಮಗಳ ಮನೆಯಲ್ಲಿ ಓದಿದೆವು. ಅದರಲ್ಲಿ ವಿಜಯದ ವರ್ಣನೆಯಿಲ್ಲ. ಭಾರತದ ಅನರ್ಥಗಳಿಗೆಲ್ಲ ಬಡವರ ದುಃಸ್ಥಿತಿಯೇ ಮೂಲವೆಂದೂ, ಬಡ ಹುಡುಗನು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಅವನಿದ್ದಲ್ಲಿಗೆ ಹೋಗಬೇಕೆಂದೂ ಇದೆ. ಒಬ್ಬ ಉಪಾಧ್ಯಾಯನು ಮೂವತ್ತು ವರ್ಷ ಭಾಷಣವನ್ನು ಹೇಳಿಕೊಟ್ಟು, ಕಾಗದವನ್ನು ಓದದೆ ಇದ್ದನು. ಆ ರಾತ್ರಿ ನಿದ್ರೆ ತಡವಾಗಿ ಬಂದುದಕ್ಕೆ ಕಾಲಭೇದವೇ ಕಾರಣವೆಂದು ಮನೆಯವರಿಗೆ ಹೇಳಿದೆವು.

ಎರಡು ದಿನಗಳ ಮೇಲೆ ಭಾನುವಾರ ಅಳಿಯಂದಿರ ಕಾರಿನಲ್ಲಿ ನಗರದ ದಕ್ಷಿಣಭಾಗಕ್ಕೆ ಹೋದೆವು. ಷಿಕಾಗೋ ವಿಶ್ವವಿದ್ಯಾಲಯವಿರುವುದು ಅಲ್ಲಿ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ೧೯೬೦ರ ದಶಕದ ಆದಿಯಿಂದ ೧೯೯೩ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ಪಾಠ ಹೇಳಿದರು. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದು ೧೯೭೩ರಲ್ಲಿ ಅವರು ಪ್ರಕಟಿಸಿದ ಪುಸ್ತಕದಿಂದಲೇ ಪರದೇಶಗಳ ಎಷ್ಟೋ ಓದುಗರಿಗೆ ಕನ್ನಡವೆಂಬ ಭಾಷೆಯೊಂದಿದೆಯೆಂದು ತಿಳಿದುದು. ರಜೆಯ ದಿನವಾದ್ದರಿಂದ ಬಾಗಿಲುಗಳು ಮುಚ್ಚಿದ್ದುವು. ಬಳ್ಳಿ ಹಬ್ಬಿದ ಕಲ್ಲುಗೋಡೆಗಳ ನಡುವೆ ಸುತ್ತಾಡಿ, ಇದೇ ದಾರಿಯಲ್ಲಿ ನಡೆದಿರಬೇಕೆಂದು ಊಹಿಸಿ, ತೃಪ್ತರಾಗಿ ಹಿಂದಿರುಗಿದೆವು.

ಹಿಂದಿರುಗುವಾಗ ಮೊಮ್ಮಗನಿಗೆ ಮರಳಿನಲ್ಲಿ ಆಡುವ ಆಸೆ. ೩೧ನೆಯ ಬೀದಿಯ ಬಳಿ ಕಾರು ನಿಲ್ಲಿಸಿ ಸರೋವರದ ದಂಡೆಗಿಳಿದೆವು. ಅಲ್ಲಿ ಎಲ್ಲ ವರ್ಣದ ಜನರೂ ತುಂಬಿದ್ದರು. ಮಕ್ಕಳು ನೀರಿನಲ್ಲಿ, ಹಿರಿಯರು ಕೊಡೆಗಳ ಕೆಳಗೆ, ಸುಡುವ ಜೋಳದ ವಾಸನೆ. ಮಗಳು ಮಗುವಿನೊಡನೆ ಉಳಿದಳು. ನಾವೂ ನಮ್ಮ ಮನೆಯವರೂ ಅಳಿಯಂದಿರೂ ದಂಡೆಯ ಕಾಲುದಾರಿಯಲ್ಲಿ ಉತ್ತರಕ್ಕೆ ಸ್ವಲ್ಪ ದೂರ ನಡೆದೆವು. ೨೯ನೆಯ ಬೀದಿಯ ನೇರಕ್ಕೆ, ಹುಲ್ಲಿನಲ್ಲಿ ಒಂದು ಗುಂಡುಬಂಡೆ, ಅದರ ಮೇಲೊಂದು ಲೋಹದ ಫಲಕ. ಸೈಕಲ್ ಸವಾರರು ಅತ್ತ ನೋಡದೆ ಹೋಗುತ್ತಿದ್ದರು. ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿ ಓದಿದೆವು.

ಆ ಸಂಗತಿಯ ವಿವರಗಳನ್ನು ಮುಂದಿನ ವಾರ ನಗರದ ದೊಡ್ಡ ಗ್ರಂಥಾಲಯದಲ್ಲಿ ಕುಳಿತು ಓದಿದೆವು. ಅದಕ್ಕೆ ಆ ನಗರದ ಮೊದಲ ಕಪ್ಪುವರ್ಣದ ಮಹಾಪೌರರಾದ ಹೆರಾಲ್ಡ್ ವಾಷಿಂಗ್ಟನ್ ಅವರ ಹೆಸರಿದೆ. ಜನಾಂಗಗಳ ಸಂಬಂಧವನ್ನು ವಿಚಾರಿಸಲು ನೇಮಕವಾದ ಆಯೋಗವು ೧೯೨೨ರಲ್ಲಿ ಪ್ರಕಟಿಸಿದ ದೊಡ್ಡ ವರದಿಯೊಂದು ಅಲ್ಲಿದೆ. ನಡೆದುದು ಹೀಗೆ. ೧೯೧೯ನೆಯ ಇಸವಿ ಜುಲೈ ೨೭, ಭಾನುವಾರ, ಸುಡುಬಿಸಿಲು. ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳು ವರ್ಷದ ಕಪ್ಪುವರ್ಣದ ಹುಡುಗನು ಗೆಳೆಯರೊಡನೆ ಮರದ ತೆಪ್ಪವೊಂದರ ಮೇಲೆ ಸರೋವರದಲ್ಲಿ ತೇಲುತ್ತಿದ್ದನು. ಆ ದಂಡೆಯಲ್ಲಿ ಒಂದು ಭಾಗ ಕಪ್ಪು ಜನರದು, ಒಂದು ಭಾಗ ಬಿಳಿಯರದು. ಹಾಗೆಂದು ಯಾವ ಕಾನೂನೂ ಇರಲಿಲ್ಲ; ಬೇಲಿಯಿರಲಿಲ್ಲ, ಹಗ್ಗವಿರಲಿಲ್ಲ; ರೂಢಿಯಿತ್ತು. ತೆಪ್ಪ ತೇಲುತ್ತ, ನೀರಿನ ಮೇಲೆ ಕಾಣದಿದ್ದ ಆ ಗೆರೆಯನ್ನು ದಾಟಿತು. ದಂಡೆಯಿಂದ ಒಬ್ಬ ಬಿಳಿಯನು ಕಲ್ಲು ಬೀರಿದನು. ಹುಡುಗನು ಮುಳುಗಿದನು. ಕಲ್ಲು ಬೀರಿದವನನ್ನು ಹಿಡಿಯಲು ಅಲ್ಲಿದ್ದ ಪೊಲೀಸಿನವನು ಒಪ್ಪಲಿಲ್ಲ. ಅಂದು ಸಂಜೆ ಹತ್ತಿದ ಕಲಹ ಒಂದು ವಾರ ಉರಿದು, ೩೮ ಮಂದಿ ಸತ್ತರು. ಕಪ್ಪು ಜನ ೨೩, ಬಿಳಿಯರು ೧೫. ಗಾಯಗೊಂಡವರು ಐನೂರಕ್ಕೂ ಮೇಲೆ. ಬೆಂಕಿಗೆ ಮನೆ ಕಳೆದುಕೊಂಡವರು ಬಹುಮಂದಿ.

ಊರನ್ನು ಹೂಡಿದವನು ಕಪ್ಪು ಮನುಷ್ಯ. ದಂಡೆ ಎಂದೆಂದಿಗೂ ಸರ್ವಜನರದೆಂದು ಊರಿನ ನಡುಭಾಗದ ನಕ್ಷೆಯಲ್ಲಿ ಬರೆದು ಎಂಬತ್ತಮೂರು ವರ್ಷವಾಗಿತ್ತು. ಸಮ್ಮೇಳನ ನಡೆದು ಇಪ್ಪತ್ತಾರು ವರ್ಷ. ಆ ಸಭಾಂಗಣವಿದ್ದ ಸ್ಥಳದಿಂದ ಈ ಬಂಡೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ.

ಅಳಿಯಂದಿರು ಫಲಕದ ಅರ್ಥವನ್ನು ನಮ್ಮ ಮನೆಯವರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಮಗೆ ಮುಂದಕ್ಕೆ ನಡೆಯುವುದಾಗಲಿಲ್ಲ. ಹತ್ತಿರದಲ್ಲಿದ್ದ ಬೆಂಚಿನ ಮೇಲೆ ಕುಳಿತೆವು. ಬಿಸಿಲಿನಿಂದ ಹಾಗಾಯಿತೆಂದು ತಿಳಿದು ಅವರು ನೀರು ತರಲು ಹೋದರು. ಬಿಸಿಲಿನಿಂದಲ್ಲ. ಇದುವರೆಗೆ ಯಾರಿಗೂ ಹೇಳದಿದ್ದ ಒಂದು ಮಾತನ್ನು ಆಗ ಮನೆಯವರಿಗೆ ಹೇಳಿದೆವು. ಅವರಿಗೆ ಹೇಳಿದ ಮೇಲೆ ವಾಚಕರಿಂದ ಮರೆಸುವುದೇನಿದೆ?

ನಾವು ಹುಟ್ಟಿ ಬೆಳೆದ ಹಳ್ಳಿಯ ಶಾಲೆಯ ಮೂಲೆಯಲ್ಲಿ ಒಂದು ಮಣ್ಣಿನ ಹರವಿಯಿತ್ತು, ಮೇಲೆ ಹಲಗೆಯ ಮುಚ್ಚಳ, ಅದರ ಮೇಲೆ ಒಂದು ಹಿತ್ತಾಳೆಯ ಚೊಂಬು. ೧೯೭೦ರ ದಶಕದ ಮಾತು. ದೇಶದ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿ ಇಪ್ಪತ್ತೈದು ವರ್ಷವಾಗಿತ್ತು. ನಾಲ್ಕನೆಯ ತರಗತಿಯ ಮುಂದಾಳು ನಾವು. ಹರವಿಯ ಪಾರುಪತ್ಯ ನಮ್ಮದು. ಊರ ಹೊರಗಿನ ಕೇರಿಯಿಂದ ಇಬ್ಬರು ಹುಡುಗರು ಬರುತ್ತಿದ್ದರು. ಅವರು ಬಾಗಿಲ ಹೊರಗೆ ಕುಕ್ಕುರುಗಾಲಿನಲ್ಲಿ ಕುಳಿತು ಬೊಗಸೆಯೊಡ್ಡಬೇಕು, ನಾವು ಮೇಲಿನಿಂದ ಹುಯ್ಯಬೇಕು. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಗೊತ್ತಿತ್ತು. ಒಂದು ಬೇಸಗೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅವರಲ್ಲಿ ಒಬ್ಬನು ತಾನೇ ಮುಚ್ಚಳ ತೆಗೆದು, ಚೊಂಬನ್ನು ಅದ್ದಿ ಕುಡಿಯುತ್ತಿದ್ದನು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಅವನೂ ನಮ್ಮನ್ನು ನೋಡಿದನು, ಓಡಲಿಲ್ಲ, ಚೊಂಬನ್ನು ಮುಚ್ಚಳದ ಮೇಲೆ, ಅದು ಇದ್ದ ಹಾಗೆಯೇ, ಮೆಲ್ಲನೆ ಇಟ್ಟನು. ಅವನು ನಮ್ಮ ಗೆಳೆಯ. ಲೆಕ್ಕದಲ್ಲಿ ನಮಗಿಂತ ಮುಂದಿದ್ದವನು. ನಾವು ಹೋಗಿ ಮೇಷ್ಟರಿಗೆ ಹೇಳಿದೆವು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹರವಿಯನ್ನು ಹೊರಗೊಯ್ದು ಒಡೆದರು. ಹುಣಿಸೆಯ ಬರಲು ಮುರಿಯುವವರೆಗೆ ಅವನಿಗೆ ಹೊಡೆದರು. ಆ ಬರಲನ್ನು ಮರದಿಂದ ಕಡಿದು ತಂದುಕೊಟ್ಟವರೂ ನಾವೇ.

ನಮ್ಮ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಸರೋವರದಲ್ಲಿ ಮಕ್ಕಳ ಕೇಕೆ ಕೇಳಿಸುತ್ತಿತ್ತು.

“ಆಮೇಲೆ ಅವನು ಶಾಲೆಗೆ ಬರಲಿಲ್ಲವೆ?” ಎಂದು ಕೇಳಿದರು.

ಬರಲಿಲ್ಲವೆಂದೆವು.

“ಯಾರಾದರೂ ಹೋಗಿ ಕರೆಯಲಿಲ್ಲವೆ? ನೀವು ಮುಂದೆ ಮೇಷ್ಟರಾದಿರಲ್ಲ, ಆಗಲಾದರೂ?”

ಇಲ್ಲವೆಂದೆವು. ನಮ್ಮ ಮನೆಗೂ ಆ ಕೇರಿಗೂ ಅರ್ಧ ಮೈಲಿ. ಷಿಕಾಗೋ ನಗರಕ್ಕೆ ಹೋಗಿಬಂದಿದ್ದೇವೆ, ಅಲ್ಲಿಗೆ ಹೋಗಿರಲಿಲ್ಲ.

“ಹೆಸರಾದರೂ ನೆನಪಿದೆಯೆ?”

ನೆನಪಿತ್ತು. ಹೇಳಿದೆವು. ಅವರು ಆ ಹೆಸರನ್ನು ಒಂದು ಸಲ ತಮ್ಮ ಬಾಯಲ್ಲಿ ಹೇಳಿಕೊಂಡರು.

ಅಷ್ಟರಲ್ಲಿ ಅಳಿಯಂದಿರು ನೀರು ತಂದರು. ಹಿಂದೆಯೇ ಮೊಮ್ಮಗ, ಮೊಳಕಾಲವರೆಗೆ ಮರಳು ಮೆತ್ತಿಕೊಂಡು, ಓಡಿ ಬಂದನು. ಬಂಡೆಯನ್ನು ಕಂಡು ಅದರ ಮೇಲೆ ಹತ್ತಲು ಹೋದವನು, ಫಲಕವನ್ನು ನೋಡಿ ನಿಂತು, ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದನು. ಓದಿ ಮುಗಿಸಿ ನೀರಿನ ಕಡೆ ತಿರುಗಿ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದನು.

“ಗೆರೆ ಎಲ್ಲಿತ್ತು ತಾತ?” ಎಂದು ಕೇಳಿದನು.